ಅಪ್ಪನ ಕೆನ್ನೆಯ ಕೆಂಪು

ಲಡ್ಲೋ
೧೪ ಜನವರಿ ೧೮೬೭

ಪ್ರೀತಿಯ ಆಂಬ್ರೋಸ್,

ಇದಕ್ಕೆ ಉತ್ತರ ಬರೆಯುವಾಗ ಲಕೋಟೆಯ ಮೇಲೆ ನಮ್ಮ ಮನೆಯ ವಿಳಾಸ ಹಾಕಬೇಡ. ಎದುರು ಮನೆಯ ಮಿಸ್ ಟಿಬಿಟ್ಸ್ ಹೆಸರಿಗೆ ಕಳುಹಿಸು. ಆಕೆಗೆ ಹೇಳಿಟ್ಟಿದ್ದೇನೆ. ಯಾಕೆ ಏನು ಎಂದು ಕೇಳಲಿಲ್ಲ. ನನಗೆ ಯಾರೋ ಗಂಡಸಿನ ಕಾಗದ ಬರುತ್ತದೆ ಅಂದುಕೊಂಡಿರಬೇಕು, ಮುಖದ ತುಂಬ ನಗು. ಮೂವತ್ತನಾಲ್ಕು ವಯಸ್ಸಿನಲ್ಲಿ ನನಗೂ ಅಷ್ಟು ಕೀರ್ತಿ ಬರಲಿ ಬಿಡು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ನಿನ್ನ ಪತ್ರ ಬಂದ ಕೂಡಲೇ ಅಪ್ಪ ಮೊಟ್ಟೆ ತಿನ್ನುವುದನ್ನು ಬಿಟ್ಟು, "ಓದು ಹೆಸ್ಟರ್, ಜೋರಾಗಿ ಓದು" ಎನ್ನುತ್ತಾರೆ. ಮೊದಲಾದರೆ ಕೇಳುವವರು ಅಪ್ಪ ಮತ್ತು ಬೆಕ್ಕು. ಈಗ ಅಪ್ಪನ ಹೊಸ ಹೆಂಡತಿ, ಆಯಮ್ಮನೂ, ಕೈಯಲ್ಲಿ ಟೀ ಬಟ್ಟಲು ಹಿಡಿದು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ನಾನು ಬರೆದದ್ದನ್ನೂ ಅಂಚೆಗೆ ಹಾಕುವ ಮುಂಚೆ ಓದಿ ಹೇಳಬೇಕು. ಇಲ್ಲಿಯವರೆಗೆ ನಿನಗೆ ಬಂದ ನನ್ನ ಪತ್ರಗಳಲ್ಲಿ "ಮಿಸೆಸ್ ಗಾರ್ಲಂಡ್ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದಿದ್ದರೆ ಅದಕ್ಕೆ ಕಾರಣ ಇಷ್ಟೇ.

ಈಗ ನಿಜ ಕೇಳು. ಅಪ್ಪನ ಆರೋಗ್ಯ ಚೆನ್ನಾಗಿಲ್ಲ. ಮಾಲ್ವರ್ನ್‌ಗೆ ಆರೋಗ್ಯಕ್ಕೆಂದು ಬುಗ್ಗೆಯ ನೀರು ಕುಡಿಯಲು ಹೋಗಿ, ಟೋಪಿ ಅಂಗಡಿಯ ವಿಧವೆ ಸೆಲೀನಾಳನ್ನು ಮದುವೆಯಾಗಿ ಬಂದರಲ್ಲ, ಅಂದಿನಿಂದ ಹೊಟ್ಟೆ ಸರಿಯಿಲ್ಲ. ಊಟವಾದ ಮೇಲೆ ವಾಂತಿ. ಪಾದ ಜುಮ್ಮೆನ್ನುತ್ತದೆಯಂತೆ. ಕಣ್ಣಿನ ಕೆಳಗೆ ಊತ. ಡಾಕ್ಟರ್ ಪ್ರೂಯೆಟ್ ಬಂದು ನಾಲಗೆ ನೋಡಿ, "ಪಿತ್ತ" ಎಂದು ಹೇಳಿ, ಒಂದು ಲೋಟ ಶೆರ್ರಿ ವೈನ್ ಕುಡಿದು ಹೋಗುತ್ತಾರೆ. ವಿಚಿತ್ರವೆಂದರೆ ಇಷ್ಟೆಲ್ಲ ಇದ್ದರೂ ಅಪ್ಪನ ಕೆನ್ನೆ ಮದುವಣಗಿತ್ತಿಯ ಕೆನ್ನೆಯಂತೆ ಕೆಂಪಗಿದೆ. ಅರವತ್ತಮೂರು ವರ್ಷದ ಕಾಯಿಲೆಯವರ ಮುಖಕ್ಕೆ ಆ ಬಣ್ಣ ಎಲ್ಲಿಂದ ಬಂತು?

ಪ್ರತಿ ಸಂಜೆ ಬಾರ್ಲಿ ನೀರು ಮೇಲಕ್ಕೆ ಒಯ್ಯುವವಳು ಅವಳೇ. ನಾನು ಒಯ್ಯುತ್ತೇನೆ ಎಂದರೆ ಬಿಡುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಹೆದರಿಕೆಯಾಗುತ್ತಿದೆ.

ನನ್ನ ಬೆರಳುಗಳು ಚಳಿಗೆ ಊದಿಕೊಂಡಿವೆ, ಅದಕ್ಕೇ ಅಕ್ಷರ ಹೀಗಿದೆ. ನೀನು ಫ್ಲಾನೆಲ್ ಅಂಗಿ ಹಾಕಿಕೊಳ್ಳುತ್ತಿದ್ದೀಯ ತಾನೇ?

ನಿನ್ನ ಅಕ್ಕ,
ಹೆಸ್ಟರ್

ಬ್ರಿಸ್ಟಲ್
೧೮ ಜನವರಿ ೧೮೬೭

ಪ್ರೀತಿಯ ಹೆಸ್ಟರ್,

ಮಿಸ್ ಟಿಬಿಟ್ಸ್ ಮುಂದೆ ನಿನ್ನ ಗುಪ್ತ ಪ್ರೇಮಿಯ ಪಾತ್ರ ಹಾಕಲು ನನ್ನ ಅಭ್ಯಂತರವೇನೂ ಇಲ್ಲ. ಆದರೆ ಉಳಿದದ್ದನ್ನು ಓದಿ ನಗುವುದೋ ಬೈಯುವುದೋ ತಿಳಿಯಲಿಲ್ಲ. ಮುದುಕರು ಮದುವೆಯಾದರೆ ಹೊಟ್ಟೆ ಕೆಡುವುದು ಸಹಜ. ಹೊಸ ಅಡುಗೆ, ತಡವಾದ ಊಟ, ನಲವತ್ತೂ ಆಗದ ಹೆಂಡತಿಯ ಮುಂದೆ ಮೆಟ್ಟಿಲು ದಡದಡ ಹತ್ತುವ ಚಪಲ. ಅಮ್ಮ ಹೋದ ಮೇಲೆ ಒಂಬತ್ತು ವರ್ಷ ಆ ಮನೆಯ ಬೀಗದಕೈ ನಿನ್ನ ಸೊಂಟದಲ್ಲಿತ್ತು. ಈಗ ಅದು ಬೇರೆಯವರ ಸೊಂಟದಲ್ಲಿದೆ. ಅದನ್ನು ನೆನಪಿನಲ್ಲಿಟ್ಟುಕೊಂಡು ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದೆ.

ಇನ್ನೊಮ್ಮೆ ಓದಿದಾಗ ಪಾದ ಜುಮ್ಮೆನ್ನುವ ಮಾತು ಮಾತ್ರ ವೈದ್ಯನಾಗಿ ನನಗೆ ಹಿಡಿಸಲಿಲ್ಲ. ಪಿತ್ತಕ್ಕೂ ಪಾದಕ್ಕೂ ಸಂಬಂಧವಿಲ್ಲ. ಪ್ರೂಯೆಟ್‌ಗೆ ವೈದ್ಯಶಾಸ್ತ್ರ ಕಲಿಸಿದವರು ಸತ್ತು ಎಷ್ಟೋ ಕಾಲವಾಯಿತು.

ಅಪ್ಪನ ಅಂಗೈ ನೋಡಿ ಹೇಳು. ಚರ್ಮ ದಪ್ಪಗಾಗಿದೆಯೇ? ಬಾರ್ಲಿ ನೀರಿನ ಲೋಟದ ತಳದಲ್ಲಿ ಉಳಿದದ್ದನ್ನು ಸಾಧ್ಯವಾದರೆ ಒಂದು ಪುಟ್ಟ ಬಾಟಲಿಗೆ ಬಗ್ಗಿಸಿ, ಅರಗು ಹಾಕಿ ಮುಚ್ಚಿ, ಉಣ್ಣೆಯಲ್ಲಿ ಸುತ್ತಿ ಕಳುಹಿಸು. ನನ್ನ ಕೋಣೆಯಲ್ಲೇ ಪರೀಕ್ಷಿಸುತ್ತೇನೆ. ಏನೂ ಸಿಗುವುದಿಲ್ಲ. ಆಗ ನೀನು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಅಪ್ಪನನ್ನೇ ನೇರವಾಗಿ ಕೇಳಬಾರದೇಕೆ ಎಂದು ಬರೆಯಹೊರಟೆ. ಕೇಳಲಾಗದು, ಗೊತ್ತು. ನಮ್ಮ ಮನೆಯಲ್ಲಿ ಮಲಬದ್ಧತೆಯ ಬಗ್ಗೆ ಊಟದ ಮೇಜಿನಲ್ಲಿ ಮಾತಾಡಬಹುದು. ಹೆಂಡತಿಯ ಬಗ್ಗೆ ಆಡುವಂತಿಲ್ಲ.

ಫ್ಲಾನೆಲ್ ಹಾಕಿಕೊಂಡಿದ್ದೇನೆ.

ನಿನ್ನ ಪ್ರೀತಿಯ ತಮ್ಮ,
ಆಂಬ್ರೋಸ್

ಲಡ್ಲೋ
೨೯ ಜನವರಿ ೧೮೬೭

ಆಂಬ್ರೋಸ್,

ಬಾಟಲಿ ಇದರ ಜೊತೆಗೇ ರೈಲಿನಲ್ಲಿ ಬರುತ್ತಿದೆ. ನನ್ನ ಹತ್ತಿರ ಇದ್ದ ಪುಟ್ಟ ಬಾಟಲಿ ಅದೊಂದೇ, ನಾನು ಕರವಸ್ತ್ರಕ್ಕೆ ಹಾಕಿಕೊಳ್ಳುವ ಲ್ಯಾವೆಂಡರ್ ನೀರಿನದು.

ಕಣ್ಣಾರೆ ಕಂಡೆ. ಮೊನ್ನೆ ಸಂಜೆ ಮೆಟ್ಟಿಲ ತಿರುವಿನಲ್ಲಿ ಹಾಸಿಗೆ ಬಟ್ಟೆಯ ಬೀರುವಿನ ಮರೆಯಲ್ಲಿ ನಿಂತಿದ್ದೆ. ನಗಬೇಡ. ಆಯಮ್ಮ ತಟ್ಟೆಯನ್ನು ಕಿಟಕಿಕಟ್ಟೆಯ ಮೇಲಿಟ್ಟು, ಅಪ್ಪನ ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಒಂದು ಬಾಟಲಿಯನ್ನು ಶಾಲಿನೊಳಗೆ ಮುಚ್ಚಿ ಹಿಡಿದು ತಂದಳು. ಲೋಟಕ್ಕೆ ಏನೋ ಸುರಿದಳು. ಆಮೇಲೆ ಹೂಜಿಯಿಂದ ನೀರು ತೆಗೆದು ಆ ಬಾಟಲಿಗೇ ಹಾಕಿ, ಬೆರಳು ಮುಚ್ಚಿ ಕುಲುಕಿದಳು! ಕಡಿಮೆಯಾದದ್ದು ಗೊತ್ತಾಗಬಾರದೆಂದು ತಾನೇ? ಕಳ್ಳಿಯಲ್ಲದವಳಿಗೆ ಇಂಥ ಉಪಾಯ ಎಲ್ಲಿಂದ ಹೊಳೆಯಬೇಕು?

ನಾನು ಆ ಕೋಣೆಗೆ ಕಾಲಿಡುವಂತಿಲ್ಲ. ಅಪ್ಪ ಮದುವೆಯಾದ ಮೇಲೆ ಅದು ಅವರಿಬ್ಬರದು. ಅಂಗೈ ನೋಡಿದೆ, ಪ್ರಾರ್ಥನೆಯ ಪುಸ್ತಕ ಕೊಡುವ ನೆಪದಲ್ಲಿ. ಚಮ್ಮಾರನ ಅಂಗೈಯಂತಿದೆ, ಧಾನ್ಯದ ವ್ಯಾಪಾರ ಬಿಟ್ಟು ಏಳು ವರ್ಷವಾದ ಮನುಷ್ಯನದು.

ವಾಂತಿ ಈ ವಾರ ಕಡಿಮೆಯಾಗಿದೆ. ನಾನು ಕಾವಲು ಕಾಯುತ್ತಿರುವುದು ಅವಳಿಗೆ ಗೊತ್ತಾಗಿ ಕೈ ಹಿಡಿತ ಮಾಡಿದ್ದಾಳೆ, ಇಲ್ಲದಿದ್ದರೆ ಏನು ಕಾರಣ? ಆದರೆ ಕೆನ್ನೆಯ ಕೆಂಪು ಇಳಿಯುತ್ತಿದೆ. ಬೆಳಗ್ಗೆ ಕನ್ನಡಿಯ ಮುಂದೆ ಅಪ್ಪ ಬಹಳ ಹೊತ್ತು ನಿಂತಿದ್ದರು. "ಸೋತುಹೋದೆ ಕಣೇ ಹೆಸ್ಟರ್, ಮುದುಕನಾಗಿಬಿಟ್ಟೆ" ಎಂದರು. ನಮ್ಮ ಕಣ್ಣೆದುರಿಗೇ ಅಪ್ಪನ ಜೀವ ಹನಿಹನಿಯಾಗಿ ಸೋರಿಹೋಗುತ್ತಿದೆ.

ಬೇಗ ಬರೆ.

ಹೆಸ್ಟರ್

ಬ್ರಿಸ್ಟಲ್
೪ ಫೆಬ್ರವರಿ ೧೮೬೭

ಹೆಸ್ಟರ್,

ಈ ಪತ್ರ ಓದಿದ ಮೇಲೆ ಒಲೆಗೆ ಹಾಕು.

ತಾಮ್ರ ಕಪ್ಪಾಯಿತು. ನೀನು ಕಳುಹಿಸಿದ ನೀರಿಗೆ ಆಮ್ಲ ಸೇರಿಸಿ, ತಾಮ್ರದ ತಗಡಿನ ಚೂರು ಹಾಕಿ ಕುದಿಸಿದೆ. ಆರ್ಸೆನಿಕ್ ಎಂಬ ಪಾಷಾಣವಿದ್ದರೆ ತಗಡಿನ ಮೇಲೆ ಕಪ್ಪು ಕೂರುತ್ತದೆ. ಕೂತಿತು. ಎರಡನೆಯ ಸಲ ಮಾಡಿದೆ, ಆಗಲೂ ಕೂತಿತು. ಬಾಟಲಿಯನ್ನು ತೊಳೆದಿದ್ದರೆ ಚೆನ್ನಾಗಿತ್ತು, ಲ್ಯಾವೆಂಡರ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೆ ಅದರಿಂದ ಫಲಿತಾಂಶ ಬದಲಾಗುವುದಿಲ್ಲ.

ನಿನ್ನನ್ನು ಗೇಲಿ ಮಾಡಿದ್ದಕ್ಕೆ ಕ್ಷಮಿಸು. ನೀನು ಹೇಳಿದ್ದೆಲ್ಲ ಸರಿ.

ಮ್ಯಾಜಿಸ್ಟ್ರೇಟರ ಬಳಿಗೆ ಹೋಗುವುದು ಬೇಡ. ಹೋದರೆ ಪತ್ರಿಕೆಯವರು ಬರುತ್ತಾರೆ. ಗಾರ್ಲಂಡ್ ಮನೆತನದ ಹೆಸರನ್ನು ಹಾಡು ಕಟ್ಟಿ ಸಂತೆಯಲ್ಲಿ ಮಾರುತ್ತಾರೆ. ನಾನು ಇಲ್ಲಿ ಇನ್ನೊಬ್ಬ ರೋಗಿಯ ನಾಡಿ ಹಿಡಿಯುವಂತಿಲ್ಲ. ಅಪ್ಪನನ್ನು ವಿಷಕ್ಕಿಂತ ಮೊದಲು ನಾಚಿಕೆಯೇ ಕೊಲ್ಲುತ್ತದೆ. ಜೊತೆಯಲ್ಲಿರುವ ಮುಚ್ಚಿದ ಲಕೋಟೆಯನ್ನು ಆ ಹೆಂಗಸಿಗೆ ಕೊಡು. ಸದ್ದಿಲ್ಲದೆ ಮಾಲ್ವರ್ನ್‌ನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಬೇಕು, ಹೋಗದಿದ್ದರೆ ತಾಮ್ರದ ಚೂರು ನನ್ನ ಬಳಿ ಇದೆ ಎಂದು ಬರೆದಿದ್ದೇನೆ.

ಅವಳು ಹೋದ ಕೂಡಲೇ ಅಪ್ಪನ ಕೋಣೆಯಲ್ಲಿ ಅವಳ ಕೈ ಸೋಕಿದ ಬಾಟಲಿ, ಡಬ್ಬಿ, ಪುಡಿ, ಎಲ್ಲವನ್ನೂ ಚರಂಡಿಗೆ ಸುರಿ.

ಧೈರ್ಯವಾಗಿರು.

ಆಂಬ್ರೋಸ್

ಲಡ್ಲೋ
೧೧ ಫೆಬ್ರವರಿ ೧೮೬೭

ಪ್ರೀತಿಯ ಆಂಬ್ರೋಸ್,

ಹೋದಳು.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಶನಿವಾರ ಅಪ್ಪ ಮಲಗಿದ್ದಾಗ ಅವಳನ್ನು ಮುಂದಿನ ಕೋಣೆಗೆ ಕರೆದು ಲಕೋಟೆ ಕೊಟ್ಟೆ. ನಿಂತೇ ಓದಿದಳು. ಓದಿ ಮುಗಿಸಿ ಕೂತಳು.

"ಅಪ್ಪನ ಲೋಟಕ್ಕೆ ನೀವು ಏನು ಹಾಕ್ತೀರಿ?" ಎಂದೆ.

"ನಿಮ್ಮ ಅಪ್ಪನ್ನೇ ಕೇಳು."

"ನಾನು ಕೇಳ್ತಿರೋದು ನಿಮ್ಮನ್ನ."

"ನಾನು ಅವರಿಗೆ ಮಾತು ಕೊಟ್ಟಿದೀನಿ ಹೆಸ್ಟರ್. ಅವರೇ ಹೇಳ್ಬೇಕು. ಬಾ, ಇಬ್ಬರೂ ಹೋಗಿ ಕೇಳೋಣ."

ಎಂಥ ದಿಟ್ಟತನ ನೋಡು! ಬಾ ಎಂದು ಮುಂದೆ ನಡೆದೇಬಿಟ್ಟಳು. ಅಪ್ಪನ ಮಂಚದ ಬಳಿ ನಿಂತು, "ಜೋಸಯಾ, ಇವರು ನಾನು ನಿಮಗೆ ವಿಷ ಹಾಕ್ತಿದೀನಿ ಅಂತಾರೆ. ಲೋಟದಲ್ಲಿ ಏನಿದೆ ಅಂತ ನೀವೇ ಹೇಳ್ಬಿಡಿ" ಎಂದಳು. ಅಪ್ಪ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಕತ್ತಿನವರೆಗೆ ಕೆಂಪಾದರು. ಆಮೇಲೆ ಗೋಡೆಯ ಕಡೆ ಮಗ್ಗುಲು ತಿರುಗಿ, "ನನ್ನನ್ನ ಸುಮ್ನೆ ಬಿಡಿ" ಎಂದರು. ಅಷ್ಟೇ. ಅವಳ ಪರ ಒಂದೇ ಒಂದು ಮಾತಿಲ್ಲ, ಆಂಬ್ರೋಸ್! ಅವರಿಗೂ ಅನುಮಾನವಿತ್ತು ಎನ್ನುವುದಕ್ಕೆ ಇನ್ನೇನು ಬೇಕು?

ಅವಳ ಮುಖ ಆಗ ಬಿಳಿಚಿಕೊಂಡಿತು. ಹೋಗಿ ಪೆಟ್ಟಿಗೆ ಕಟ್ಟಿದಳು. ಗಾಡಿ ಹತ್ತುವಾಗ ನನ್ನ ತೋಳು ಹಿಡಿದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು. "ಮನೇಲಿರೋದೇ ಸಾಕು. ಹೊಸದೇನೂ ತರಬೇಡ. ಅಂಗಡಿಯಿಂದ ಏನಾದ್ರೂ ತಾ ಅಂತ ಅವರು ಹೇಳಿದ್ರೆ ಮೊದಲು ನನಗೆ ಒಂದು ಸಾಲು ಬರಿ. ಬರೀತೀಯಾ?"

ನಾನು ತೋಳು ಬಿಡಿಸಿಕೊಂಡೆ. ಮಾಲ್ವರ್ನ್‌ನಲ್ಲಿ ಕೂತು ನಮ್ಮ ಅಡುಗೆಮನೆಯ ಲೆಕ್ಕ ಕೇಳುವ ಧೈರ್ಯ! ಮನೆಯಲ್ಲಿರುವುದೇ ಸಾಕಂತೆ. ಸಾಕಾಗದೇನು, ಅವಳೇ ಬೆರೆಸಿಟ್ಟದ್ದಲ್ಲವೇ!

ಎಲ್ಲವನ್ನೂ ಸುರಿದೆ. ಅಪ್ಪನ ಕೋಣೆಯ ಬೀರು ಖಾಲಿ. ಈಗ ಬಾರ್ಲಿ ನೀರು ಒಯ್ಯುವವಳು ನಾನು.

ನಿನ್ನ ಹೆಸ್ಟರ್

ಬ್ರಿಸ್ಟಲ್
೧೫ ಫೆಬ್ರವರಿ ೧೮೬೭

ಪ್ರೀತಿಯ ಹೆಸ್ಟರ್,

ಒಳ್ಳೆಯ ಕೆಲಸ ಮಾಡಿದೆ. ಅಪ್ಪ ಹೇಗಿದ್ದಾರೆ ಎಂದು ವಿವರವಾಗಿ ಬರೆ. ಹೊಟ್ಟೆ, ಪಾದ, ನಿದ್ದೆ.

ಮುಂದಿನ ಶನಿವಾರ ನನಗೆ ರಜೆ. ಮಾಲ್ವರ್ನ್‌ಗೆ ಹೋಗಿ ಆ ಹೆಂಗಸಿನಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಬರುತ್ತೇನೆ. ಅವಳು ವಕೀಲರ ಬಳಿ ಹೋದರೆ ನಮ್ಮ ಕೈಯಲ್ಲೂ ಏನಾದರೂ ಇರಬೇಕು. ಬಾಯಿಬಿಡುವ ಜಾತಿಯವಳಲ್ಲ ಎಂದು ನಿನ್ನ ಪತ್ರದಿಂದ ತೋರುತ್ತದೆ. ನೋಡೋಣ.

ಒಂದು ಪ್ರಶ್ನೆ, ಸುಮ್ಮನೆ ಕೇಳುತ್ತಿದ್ದೇನೆ: ಅವಳು ಬಾಟಲಿಗೆ ನೀರು ಹಾಕಿದ್ದನ್ನು ಒಂದೇ ಸಲ ಕಂಡೆಯೋ, ಹಲವು ಸಲವೋ?

ಆಂಬ್ರೋಸ್

ಲಡ್ಲೋ
೨೨ ಫೆಬ್ರವರಿ ೧೮೬೭

ಪ್ರೀತಿಯ ಆಂಬ್ರೋಸ್,

ಈ ಸಲ ಒಳ್ಳೆಯ ಸುದ್ದಿ. ಅಪ್ಪನ ಕೆನ್ನೆ ಮತ್ತೆ ಕೆಂಪಾಗಿದೆ!

ಮೊದಲ ವಾರ ನನಗೂ ಭಯವೇ ಆಗಿತ್ತು. ಮಂಕಾಗಿ ಕೂತಿರುತ್ತಿದ್ದರು, ಮುಖ ಹಳೆಯ ಮೇಣದಂತೆ. ಅವಳ ಹೆಸರನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಆಮೇಲೆ ಸೋಮವಾರ ತಾವೇ ಎದ್ದು ಕ್ಷೌರ ಮಾಡಿಕೊಂಡು, ನನ್ನನ್ನು ಕರೆದು, ಮಡಿಸಿ ಅರಗು ಹಾಕಿದ ಒಂದು ಚೀಟಿ ಕೊಟ್ಟರು. "ಕ್ವಿಲ್ ಔಷಧಿ ಅಂಗಡಿಗೆ ಹೋಗಿ ಇದನ್ನ ಕೊಡು ಮಗಳೇ. ಅವನು ಕೊಟ್ಟದ್ದನ್ನ ತಗೊಂಡು ಬಾ. ಬಿಚ್ಚಿ ನೋಡ್ಬೇಡ" ಎಂದರು. ನಾನೇಕೆ ನೋಡಲಿ? ಗಂಡಸರ ಹೊಟ್ಟೆಯ ಔಷಧಿ ಗಂಡಸರಿಗೆ ಗೊತ್ತು. ಅಪ್ಪ ನನ್ನನ್ನು ನಂಬಿ ಒಂದು ಕೆಲಸ ಹೇಳಿ ಎಷ್ಟು ದಿನವಾಗಿತ್ತು! ಮಳೆಯಲ್ಲಿ ಓಡಿಹೋಗಿ ತಂದೆ. ಹೆಚ್ಚೇನಿಲ್ಲ, ಬಲಕ್ಕೆ ಕುಡಿಯುವ ಹನಿಗಳು. ಕ್ವಿಲ್ ತಾನೇ ತಯಾರಿಸುತ್ತಾನಂತೆ, ಊರಿನ ಅರ್ಧ ಜನ ಕುಡಿಯುತ್ತಾರಂತೆ. ಅಮ್ಮನ ಕರವಸ್ತ್ರದ ಪೆಟ್ಟಿಗೆಯಂತೆ ಘಮಘಮ ಲ್ಯಾವೆಂಡರ್ ವಾಸನೆ.

ಬಾರ್ಲಿ ನೀರಿಗೆ ಬೆರೆಸಿ ಬೆಳಗ್ಗೆ ಸಂಜೆ ನಾನೇ ಕೊಡುತ್ತೇನೆ. "ಹನಿ ಎಣಿಸೋ ಕಾಲ ಹೋಯ್ತು, ನನಗೆ ಚಮಚದ ತುಂಬ ಅಭ್ಯಾಸ" ಎನ್ನುತ್ತಾರೆ ಅಪ್ಪ. ನಿನ್ನೆ ಕನ್ನಡಿ ತರಿಸಿ ನೋಡಿಕೊಂಡು ಮೀಸೆ ತೀಡಿದರು. ಹೊಟ್ಟೆ ಸ್ವಲ್ಪ ಉರಿಯುತ್ತದಂತೆ, ಬಾಯಾರಿಕೆ ಹೆಚ್ಚು. ಅವಳ ವಿಷ ಹೊರಗೆ ಹೋಗುತ್ತಿದೆ ಎಂದುಕೊಂಡಿದ್ದೇನೆ. ಹೌದಲ್ಲವೇ?

ಅವಳು ಹೇಳಿದ ಹಾಗೆ ಒಂದು ಸಾಲು ಬರೆಯಲು ನಾನೇನು ಅವಳ ಗುಮಾಸ್ತೆಯೇ?

ನೀರು ಹಾಕಿದ್ದನ್ನು ಮೂರು ಸಲ ಕಂಡಿದ್ದೇನೆ. ಯಾಕೆ ಕೇಳಿದೆ?

ನಿನ್ನ ಅಕ್ಕ,
ಹೆಸ್ಟರ್

ಮಾಲ್ವರ್ನ್
೨೩ ಫೆಬ್ರವರಿ ೧೮೬೭, ಶನಿವಾರ ಸಂಜೆ

ಹೆಸ್ಟರ್,

ಇದನ್ನು ಓದಿದ ತಕ್ಷಣ ಅಪ್ಪನ ಕೋಣೆಗೆ ಹೋಗು. ಹೊಸ ಔಷಧಿ ಯಾವುದೇ ಇರಲಿ, ಅದು ಅವರ ಕೈಗೆ ಸಿಗದ ಹಾಗೆ ಮಾಡು. ಒಂದು ಹನಿಯೂ ಕೊಡಬೇಡ. ಹಾಲು ಕುಡಿಸು, ಮೊಟ್ಟೆಯ ಬಿಳಿ ಕುಡಿಸು, ಪ್ರೂಯೆಟ್ ಬೇಡ, ನಾನು ಸೋಮವಾರ ಬರುತ್ತೇನೆ.

ಈಗ ಕಾರಣ ಹೇಳುತ್ತೇನೆ. ಬಾಗಿಲು ತೆಗೆದ ಕೂಡಲೇ ಆಕೆ ಕೇಳಿದ ಮೊದಲ ಮಾತು, "ಅವರು ಹೆಸ್ಟರ್‌ಳನ್ನ ಅಂಗಡಿಗೆ ಕಳಿಸಿದ್ರಾ?" ನಾನು ಕಾಗದ, ಪೆನ್ನು ತೆಗೆದು ತಪ್ಪೊಪ್ಪಿಗೆಯ ಮಾತೆತ್ತಿದೆ. "ಅದನ್ನ ಆಮೇಲೆ ಬರ್ಕೊಳ್ಳಿ. ಬೀರುವಿನಲ್ಲಿದ್ದ ಬಾಟಲಿ ಏನಾಯ್ತು?" ಎಂದಳು. ಚರಂಡಿಗೆ ಸುರಿದೆವು ಎಂದೆ. ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಅದರಲ್ಲಿ ಇದ್ದದ್ದು ಮುಕ್ಕಾಲು ಪಾಲು ನೀರು. ಮೂರು ತಿಂಗಳಿಂದ ದಿನಾ ಒಂದಿಷ್ಟು ಚೆಲ್ಲಿ ನೀರು ಬೆರೆಸ್ತಾ ಬಂದಿದ್ದೆ. ಈಸ್ಟರ್ ಹೊತ್ತಿಗೆ ಬರೀ ನೀರೇ ಆಗಿರ್ತಿತ್ತು. ನಿಮ್ಮ ಅಪ್ಪನಿಗೆ ಗೊತ್ತೇ ಆಗ್ತಿರಲಿಲ್ಲ."

ಹೆಸ್ಟರ್, ಪಾಷಾಣ ಕುಡಿಯುತ್ತಿದ್ದುದು ಅಪ್ಪ ತಾವೇ. ಇಲ್ಲಿ ನೀರು ಕುಡಿಯಲು ಬಂದಾಗ ಯಾರೋ ಹೇಳಿದರಂತೆ, ಪಾಷಾಣದ ಹನಿ ಕುಡಿದರೆ ಮುದುಕರ ಕೆನ್ನೆ ಹುಡುಗರಂತೆ ಕೆಂಪಾಗುತ್ತದೆ, ಮೆಟ್ಟಿಲು ಹತ್ತಿದರೆ ದಮ್ಮು ಬರುವುದಿಲ್ಲ ಎಂದು. "ಬೇಡಿ ಅಂತ ಕಾಲು ಹಿಡ್ಕೊಂಡೆ. ನಿನ್ನ ಜೊತೆ ಚರ್ಚಿಗೆ ಹೋದ್ರೆ ಜನ ನಿನ್ನನ್ನ ನನ್ನ ಮಗಳು ಅಂದ್ಕೊಳ್ತಾರೆ, ಆ ಅವಮಾನಕ್ಕಿಂತ ಹೊಟ್ಟೆನೋವೇ ವಾಸಿ ಅಂದ್ರು. ಮಕ್ಕಳಿಗೆ ಹೇಳಿದ್ರೆ ಮುಖ ನೋಡಲ್ಲ ಅಂತ ಆಣೆ ಹಾಕಿಸಿಕೊಂಡ್ರು. ಇನ್ನೇನು ಮಾಡ್ಲಿ? ನೀರು ಬೆರೆಸಿದೆ."

ನೀರಾದಂತೆಲ್ಲ ಕೆನ್ನೆಯ ಬಣ್ಣ ಇಳಿಯಿತು. ಬಣ್ಣ ಇಳಿದಂತೆಲ್ಲ ಅಪ್ಪ ಹನಿ ಹೆಚ್ಚಿಸಿದರು. ಕೊನೆಗೆ ಚಮಚದ ತುಂಬ. ನೀರು ತಾನೇ ಎಂದು ಆಕೆ ಸುಮ್ಮನಿದ್ದಳು. ಈಗ ಹೊಸ ಬಾಟಲಿಯಿಂದ ಅದೇ ಚಮಚ ಕುಡಿದರೆ ಏನಾಗುತ್ತದೆಂದು ನಾನು ಬಿಡಿಸಿ ಬರೆಯಬೇಕೆ?

ನಾನು ನಿನಗೆ ಒಂದು ವಿಷಯ ಹೇಳಿರಲಿಲ್ಲ. ತಾಮ್ರದ ಮೇಲೆ ಕೂತ ಕಪ್ಪು ಬಹಳ ತೆಳುವಾಗಿತ್ತು. ಕೊಲ್ಲುವವರು ಅಷ್ಟು ಕಡಿಮೆ ಹಾಕುವುದಿಲ್ಲ ಎಂದು ಆಗಲೇ ಅನ್ನಿಸಿತ್ತು. ಆ ಔಷಧಿಗೆ ಲ್ಯಾವೆಂಡರ್ ಬೆರೆಸುತ್ತಾರೆ, ವಾಸನೆ ಅದರದೇ ಎಂದು ಯಾವ ವೈದ್ಯನಿಗಾದರೂ ಹೊಳೆಯಬೇಕಿತ್ತು. ನಿನ್ನ ಬಾಟಲಿಯದು ಅಂದುಕೊಂಡುಬಿಟ್ಟೆ.

ತಂತಿ ಕಳುಹಿಸಲು ಸ್ಟೇಷನ್ನಿಗೆ ಹೋಗಿ ಬಾಗಿಲಲ್ಲಿ ನಿಂತು ವಾಪಸು ಬಂದೆ. ಲಡ್ಲೋ ತಂತಿ ಗುಮಾಸ್ತನ ಹೆಂಡತಿಯ ಬಾಯಿ ನಿನಗೆ ಗೊತ್ತು. ಗಾರ್ಲಂಡ್, ವಿಷ ಎಂಬ ಎರಡು ಪದ ಅವನ ಕೈಗೆ ಸಿಕ್ಕರೆ ನಿನ್ನ ಕೈ ಸೇರುವ ಮುಂಚೆ ಊರೆಲ್ಲ ಸುತ್ತಿ ಬರುತ್ತದೆ. ಮೇಲಾಗಿ ತಂತಿ ಮನೆಗೇ ಬರುತ್ತದೆ, ಅಪ್ಪನೇ ಒಡೆಯುತ್ತಾರೆ. ಈ ಪತ್ರ ನಾಳೆ ಬೆಳಗ್ಗೆಯೇ ಮಿಸ್ ಟಿಬಿಟ್ಸ್ ಕೈ ಸೇರುತ್ತದೆಂದು ಅಂಚೆಯವನು ಹೇಳಿದ. ಇಂದಿನ ಕೊನೆಯ ರೈಲು ಹೋಯಿತು, ನಾಳೆ ಈ ದಾರಿಯಲ್ಲಿ ರೈಲಿಲ್ಲ.

ಬಹುಶಃ ಅಪ್ಪ ಇನ್ನೂ ಏನೂ ತರಿಸಿರಲಿಕ್ಕಿಲ್ಲ. ತರಿಸಿರಲಿಕ್ಕಿಲ್ಲ.

ಆಂಬ್ರೋಸ್

ಲಡ್ಲೋ
೨೫ ಫೆಬ್ರವರಿ ೧೮೬೭

ಆಂಬ್ರೋಸ್,

ನೀನು ರೈಲಿನಲ್ಲಿ ಬರುತ್ತಿರಬಹುದು. ತಪ್ಪಿಹೋದರೆ ಎಂದು ಇದನ್ನೂ ಕಳುಹಿಸುತ್ತಿದ್ದೇನೆ. ಅಂಚಿಗೆ ಕಪ್ಪು ಇರುವುದನ್ನು ನೋಡಿಯೇ ತಿಳಿದಿರುತ್ತೀಯ. ಈ ಶೋಕದ ಕಾಗದ ಅಮ್ಮ ಹೋದಾಗಿನದು, ಉಳಿದಿತ್ತು.

ಅಪ್ಪ ಇಂದು ಬೆಳಗ್ಗೆ ಹೋದರು. ಶನಿವಾರ ರಾತ್ರಿಯಿಂದಲೇ ಸಂಕಟ. ಭಾನುವಾರ ಹಾಸಿಗೆ ಬಿಟ್ಟೇಳಲಿಲ್ಲ. ಬಲ ಬರಲಿ ಎಂದು ನಾನು ಬೆಳಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಕೊಟ್ಟೆ.

ನಿನ್ನ ಪತ್ರ ಭಾನುವಾರ ಬೆಳಗ್ಗೆಯೇ ಬಂದಿತ್ತು. ಮಿಸ್ ಟಿಬಿಟ್ಸ್ ಭಾನುವಾರ ಕಾಗದ ಮುಟ್ಟುವುದಿಲ್ಲ, ದೇವರ ದಿನ ಅದು ಪಾಪ ಎನ್ನುತ್ತಾರೆ. ಸೇವಕಿಯ ಕೈಯಲ್ಲಿ ಮೇಜಿನ ಖಾನೆಗೆ ಹಾಕಿಸಿ ಬೀಗ ಹಾಕಿಬಿಟ್ಟಿದ್ದರು. ಇಂದು ತಂದುಕೊಟ್ಟು, ಕಿಟಕಿಯ ಪರದೆಗಳನ್ನು ಎಳೆದಿರುವುದನ್ನು ನೋಡಿ, "ಯಾರಿಗೆ ಏನಾಯ್ತು?" ಎಂದು ಕೇಳಿದರು. ನನ್ನ ಪ್ರೇಮಪತ್ರ ಎಂದುಕೊಂಡೇ ಜೋಪಾನ ಮಾಡಿದ್ದರು, ಪಾಪ. ಒಂದು ದಿನ ಕಾದರೆ ಏನು ಕೆಡುತ್ತದೆ ಎಂದುಕೊಂಡಿದ್ದರು.

ಬೇಗ ಬಾ. ಆ ಚಮಚ ಇನ್ನೂ ತಟ್ಟೆಯಲ್ಲೇ ಇದೆ. ನಾನು ಮುಟ್ಟಿಲ್ಲ.

ಹೆಸ್ಟರ್

ಬ್ರಿಸ್ಟಲ್
೯ ಮಾರ್ಚ್ ೧೮೬೭

ಪ್ರೀತಿಯ ಹೆಸ್ಟರ್,

ಅಂತ್ಯಸಂಸ್ಕಾರದ ದಿನ ನಾವಿಬ್ಬರೂ ಮಾತಾಡಿದ್ದು ಮೂರೋ ನಾಲ್ಕೋ ಮಾತು. ಉಳಿದದ್ದನ್ನು ಬರೆಯುತ್ತೇನೆ, ಬರೆಯುವುದೇ ನಮಗೆ ಸುಲಭವಾಗಿಬಿಟ್ಟಿದೆ.

ಪ್ರೂಯೆಟ್ "ಜಠರದ ಜ್ವರ" ಎಂದು ಬರೆದುಕೊಟ್ಟಿದ್ದಾರೆ. ಅದು ಹಾಗೇ ಇರಲಿ. ಅಪ್ಪ ಮಣ್ಣಾದರು. ಕೆನ್ನೆಗೆ ಬಣ್ಣ ಬರಲೆಂದು ಸತ್ತರು ಎಂದು ಊರಿಗೆ ತಿಳಿಸಿ ಯಾರಿಗೆ ಲಾಭ?

ನನಗೆ ಚಿಂತೆಯಿರುವುದು ಮಿಸೆಸ್ ಗಾರ್ಲಂಡ್ ಬಗ್ಗೆ. ಸಾವಿನ ಸುದ್ದಿ ಮಾತ್ರ ಬರೆದಿದ್ದೇನೆ, ಹೇಗೆಂದು ಬರೆದಿಲ್ಲ. ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದೇ ಬರುತ್ತಾಳೆ. ಬಂದಾಗ ಜಾಗ್ರತೆ. ನಾವು ಅವಳನ್ನು ಕೊಲೆಗಾತಿ ಎಂದು ಮನೆಯಿಂದ ಅಟ್ಟಿದವರು. ಈಗ ಅವಳ ಸರದಿ. ಬಾಟಲಿ ತಂದವಳು ನೀನು, ಚಮಚ ಹಿಡಿದವಳು ನೀನು, ತರಬೇಡ ಎಂದು ಅವಳು ಎಚ್ಚರಿಸಿದ್ದೂ ನಿನ್ನನ್ನೇ. ಅವಳ ಜಾಗದಲ್ಲಿ ನಾನಿದ್ದರೆ ನೇರವಾಗಿ ಮ್ಯಾಜಿಸ್ಟ್ರೇಟರ ಬಳಿಗೆ ಹೋಗುತ್ತಿದ್ದೆ.

ಕ್ವಿಲ್ ಅಂಗಡಿಯ ಮಾತೆತ್ತಬೇಡ. ಜ್ವರ ಬಂದಿತ್ತು, ಹೋದರು, ಅಷ್ಟೇ ಹೇಳು. ನಿನಗೋಸ್ಕರ ಹೇಳುತ್ತಿದ್ದೇನೆ.

ಈ ಪತ್ರವನ್ನೂ ಸುಡು.

ಆಂಬ್ರೋಸ್

ಲಡ್ಲೋ
೧೬ ಮಾರ್ಚ್ ೧೮೬೭

ಆಂಬ್ರೋಸ್,

ನೀನು ಬೇಡವೆಂದದ್ದನ್ನೇ ಮಾಡಿದ್ದೇನೆ. ಸೆಲೀನಾ ಬಂದಿದ್ದರು. ಎಲ್ಲ ಹೇಳಿದೆ.

ಗುರುವಾರ ಮಧ್ಯಾಹ್ನ ಬಂದರು. ಮುಂದಿನ ಕೋಣೆಯಲ್ಲಿ ಬೆಂಕಿ ಹಾಕಿರಲಿಲ್ಲ, ಅಡುಗೆಮನೆಯಲ್ಲೇ ಕೂತೆವು. ಜ್ವರ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಅವರು ಕಪ್ಪು ಕೈಗವಸು ಕಳಚಿ ಬೆರಳುಗಳನ್ನು ಒಲೆಗೆ ಹಿಡಿದಿದ್ದರು. ಆ ಕೈಗಳು ದಿನಾ ನೀರು ಬೆರೆಸಿದ್ದು ನೆನಪಾಯಿತು. ಜ್ವರ ಎನ್ನುವ ಮಾತು ಬರಲೇ ಇಲ್ಲ.

"ಅಪ್ಪ ಚೀಟಿ ಕೊಟ್ರು, ನಾನು ಹೋಗಿ ತಂದೆ" ಎಂದೆ. "ನೀವು ಒಂದು ಸಾಲು ಬರಿ ಅಂದಿದ್ರಿ, ಬರೀಲಿಲ್ಲ. ಚಮಚದಲ್ಲಿ ಕುಡಿಸಿದವಳೂ ನಾನೇ. ಕೊನೇ ಭಾನುವಾರ ಎರಡು ಸಲ."

ನಾನು ನಿಲ್ಲಿಸಲಿಲ್ಲ. ನಿನಗೂ ಹೇಳದೆ ಮುಚ್ಚಿಟ್ಟದ್ದನ್ನು ಹೇಳಿದೆ. ಅಪ್ಪ ಅವರ ಹೆಸರೆತ್ತಲಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ಮೊದಲ ದಿನದಿಂದಲೂ ಕರೆಯುತ್ತಿದ್ದರು. "ಸೆಲೀನಾಗೆ ಬರೆ, ಬಾ ಅಂತ ಬರೆ" ಎಂದು ನನ್ನ ಕೈ ಹಿಡಿದು ಕೇಳಿದರು. ಬರೆದೆ ಎಂದೆ. ಉತ್ತರ ಬಂತಾ ಎಂದು ದಿನಾ ಕೇಳಿದರು. ಇಲ್ಲ, ಅವರಿಗೆ ಬರಲು ಇಷ್ಟವಿಲ್ಲವಂತೆ ಎಂದೆ. ಅದಾದ ಮರುದಿನವೇ ಅಪ್ಪ ಚೀಟಿ ಬರೆದದ್ದು. ಕೆನ್ನೆ ಕೆಂಪಾದರೆ ಹೋಗಿ ಕರೆದುಕೊಂಡು ಬರಬಹುದು ಅಂದುಕೊಂಡಿದ್ದರೋ ಏನೋ.

ಇದನ್ನು ಕೇಳಿ ಸೆಲೀನಾ ಎದ್ದು ನಿಂತರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಕರೀತಿದ್ರಾ? ನನ್ನ ಕರೀತಿದ್ರಾ? ನಾನು ಅಲ್ಲಿ ಕಿಟಕೀಲಿ ಕೂತು, ಗೋಡೆ ಕಡೆ ತಿರುಗಿದ ಆ ಮುಖಾನೇ ನೆನೆಸ್ಕೊಂಡು ಸಾಯ್ತಿದ್ದೆ! ಬರಲ್ಲ ಅಂದಳು ಅಂತ ಹೇಳಿದ್ಯಾ ಅವರಿಗೆ? ಎಂಥ ಬಾಯಿ ನಿಂದು! ಇದನ್ನ ನಾನು ಕ್ಷಮಿಸಲ್ಲ ಹೆಸ್ಟರ್, ಯಾವತ್ತೂ ಕ್ಷಮಿಸಲ್ಲ."

ಮೇಜಿನ ಮೇಲೆ ತಲೆಯಿಟ್ಟು ಅತ್ತರು. ನಾನು ಪಕ್ಕದಲ್ಲಿ ನಿಂತೇ ಇದ್ದೆ, ಮುಟ್ಟುವ ಹಕ್ಕು ನನಗೆಲ್ಲಿತ್ತು? ಅಳು ತಗ್ಗಿದ ಮೇಲೆ ನಾನೇ ಕೇಳಿದೆ. "ಬಾಟಲಿ? ಅದಕ್ಕೆ ನನ್ನನ್ನ ಏನೂ ಅನ್ನಲ್ವಾ?"

ಅವರು ಮುಖ ಒರೆಸಿಕೊಂಡು ನನ್ನನ್ನು ನೋಡಿದರು, ಇದೇನು ಕೇಳುತ್ತಿದ್ದಾಳೆ ಎಂಬಂತೆ. "ಅದಕ್ಕೇನು ಅನ್ನೋದು? ನಿನಗ್ಯಾರು ಹೇಳಿದ್ರು, ಪಾಪ. ಗೊತ್ತಿದ್ರೆ ಕೊಡ್ತಿದ್ಯಾ?"

ಅಷ್ಟು ಹೇಳಿ ಪೆಟ್ಟಿಗೆ ಕಟ್ಟಲು ಮೇಲೆ ಹೋದರು. ಸಂಜೆಯ ರೈಲಿಗೆ ಹೊರಟರು. ಗಾಡಿಯವರೆಗೆ ಹೋದೆ. ನನ್ನ ಕಡೆ ತಿರುಗಿ ನೋಡಲಿಲ್ಲ.

ಮ್ಯಾಜಿಸ್ಟ್ರೇಟರ ಬಳಿಗೆ ಅವರು ಹೋಗುವುದಿಲ್ಲ, ನೀನು ನೆಮ್ಮದಿಯಾಗಿರು. ಬೈದರು, ಅತ್ತರು, ನನ್ನ ಸುಳ್ಳಿಗೆ ಶಾಪ ಹಾಕಿದರು. ಅದಕ್ಕೆಲ್ಲ ನಾನು ಅರ್ಹಳೇ. ಆದರೆ ವಿಷ ತಂದು ನನ್ನ ಕೈಯಾರೆ ಕುಡಿಸಿದೆ ಎಂದು ನಾನೇ ಹೇಳಿದಾಗಲೂ, ಬೇಕೆಂದೇ ಮಾಡಿದೆಯಾ ಎಂದು ಕೇಳಲಿಲ್ಲ, ಆಂಬ್ರೋಸ್. ಆ ಯೋಚನೆ ಅವರ ತಲೆಗೇ ಬರಲಿಲ್ಲ. ಅವರ ಬಗ್ಗೆ ಅಂಥ ಯೋಚನೆ ನನ್ನ ತಲೆಗೆ ಅವರು ಈ ಮನೆಯ ಹೊಸ್ತಿಲು ದಾಟಿದ ದಿನವೇ ಬಂದಿತ್ತು.

ಹೆಸ್ಟರ್